ಎರಡು ಮಿಲಿಮೀಟರ್ ಬಸವನಹುಳುವನ್ನು ಹೊಸ ಪ್ರಭೇದವೆಂದು ದಾಖಲಿಸುವ ಬಗೆ

ಬಾಬಾಬುಡನ್ ಗಿರಿಯ ಶೋಲಾಗಳಲ್ಲಿ, ಸಕಲೇಶಪುರದ ಸುತ್ತಲಿನ ಕಾಡುಗಳಲ್ಲಿ ಎರಡು ಮಿಲಿಮೀಟರ್‌ನ ಬಸವನಹುಳುಗಳನ್ನು ಬರಿಗಣ್ಣಲ್ಲಿ ಹುಡುಕಿ ಪ್ರಯೋಜನವಿಲ್ಲ. ತರಗೆಲೆಯನ್ನೂ ಅದರಡಿಯ ಪುಡಿಮಣ್ಣನ್ನೂ ಬಟ್ಟೆಚೀಲದಲ್ಲಿ ತುಂಬಿ ತರುತ್ತೇನೆ. ಅದಕ್ಕೂ ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಕೈಯಲ್ಲಿರಬೇಕು. ಮಲೆನಾಡಿನ ಮಣ್ಣು ಹುಳಿ. ಚಿಪ್ಪು ಕಟ್ಟಲು ಬೇಕಾದ ಸುಣ್ಣ ಅದರಲ್ಲಿ ಕಡಿಮೆ. ಗಾರೆಯ ಹಳೇ ಗೋಡೆಗಳ ಬುಡದಲ್ಲಿ, ಸುಣ್ಣ ಹಾಕಿದ ಕಾಫಿ ತೋಟಗಳಲ್ಲಿ ಹುಳು ಹೇರಳ, ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ಎಲ್ಲೆಡೆ ಇರುವಂಥವೇ. ಹೊಸದು ಬೇಕಿದ್ದರೆ ಇಂಬಳ ಕಚ್ಚಿಸಿಕೊಂಡು ಕಾಡಿಗೇ ಹೋಗಬೇಕು.

ಜೀವಂತ ಹುಳುಗಳನ್ನು ಮೊದಲು ಆರಿಸಿ, ಉಳಿದದ್ದನ್ನು ನೆರಳಲ್ಲಿ ಒಣಗಿಸಿ 5, 2, 1 ಮತ್ತು 0.5 ಮಿ.ಮೀ. ಜರಡಿಗಳಲ್ಲಿ ಸಾಲಾಗಿ ಜಾಲಿಸುತ್ತೇನೆ. ಒಣಪುಡಿಯನ್ನು ಬಕೆಟ್ ನೀರಿಗೆ ಸುರಿದರೆ ಗಾಳಿ ತುಂಬಿದ ಖಾಲಿ ಚಿಪ್ಪುಗಳು ತೇಲುತ್ತವೆ; ಟೀ ಸೋಸುವ ಜಾಲರಿಯಲ್ಲಿ ತೆಗೆಯಬಹುದು. ಒಳಗೆ ಮಣ್ಣು ಕೂತ ಚಿಪ್ಪು ಮುಳುಗುತ್ತದೆ, ಹಾಗಾಗಿ ತಳದ ಗಸಿಯನ್ನೂ ಸೂಕ್ಷ್ಮದರ್ಶಕದಡಿ ನೋಡದೆ ಚೆಲ್ಲಬಾರದು. ಎತ್ತುವುದಕ್ಕೆ ಒದ್ದೆ ಮಾಡಿದ ಸಣ್ಣ ಬ್ರಷ್. ಚಿಮಟದಲ್ಲಿ ಹಿಡಿದರೆ ಚಿಪ್ಪಿನ ಬಾಯಿಯ ಅಂಚು ಪುಡಿಯಾಗುತ್ತದೆ, ಆ ಅಂಚೇ ಮುಖ್ಯ ಲಕ್ಷಣ.

ಜೀವಂತ ಹುಳುವನ್ನು ನೇರವಾಗಿ ಆಲ್ಕೊಹಾಲಿಗೆ ಹಾಕಿದರೆ ಮೈ ಚಿಪ್ಪಿನೊಳಗೆ ಮುದುಡಿ, ಅಂಗಗಳನ್ನು ಬಿಡಿಸಿ ನೋಡಲು ಆಗುವುದಿಲ್ಲ. ಕುದಿಸಿ ಆರಿಸಿದ ನೀರನ್ನು ಶೀಶೆಯ ಕಂಠದವರೆಗೆ, ಗಾಳಿಗುಳ್ಳೆ ಉಳಿಯದಂತೆ ತುಂಬಿ, ಮೆಂಥಾಲ್ ಹರಳು ಹಾಕಿ ರಾತ್ರಿಯಿಡೀ ಬಿಟ್ಟರೆ ಮೈ ಚಾಚಿ ಸಾಯುತ್ತದೆ. ಆಮೇಲೆ 70% ಆಲ್ಕೊಹಾಲ್. ಡಿಎನ್ಎಗೆ ಬೇಕಾದ ಒಂದೆರಡನ್ನು ಬೇರೆಯಾಗಿ 95%ರಲ್ಲಿ ಇಡಬೇಕು. ಫಾರ್ಮಾಲಿನ್ ಬೇಡವೇ ಬೇಡ. ಅದರ ಆಮ್ಲ ಚಿಪ್ಪನ್ನು ತಿನ್ನುತ್ತದೆ.

ಅಳತೆಯಲ್ಲಿ ತಪ್ಪುವುದು ಚಿಪ್ಪು ವಾಲಿದಾಗ. ಸ್ವಲ್ಪ ಓರೆಯಾದರೂ ಎತ್ತರ, ಅಗಲದ ಅನುಪಾತ ಬದಲಾಗಿ, ಇಲ್ಲದ ವ್ಯತ್ಯಾಸ ಇದ್ದಂತೆ ಕಾಣುತ್ತದೆ. ಸಣ್ಣ ತಟ್ಟೆಯಲ್ಲಿ ನಯವಾದ ಕಪ್ಪು ಮರಳು ಹಾಕಿ ಅದರಲ್ಲಿ ಊರಿ, ಅಕ್ಷ ನೆಟ್ಟಗಾದ ಮೇಲಷ್ಟೇ ಫೋಟೊ. ಸುತ್ತುಗಳನ್ನು ಭ್ರೂಣಚಿಪ್ಪಿನ (ಮೊಟ್ಟೆಯೊಳಗೇ ಮೂಡಿದ ತುದಿಯ ಚಿಪ್ಪು) ಶುರುವಿನಿಂದ, ಕಾಲು ಸುತ್ತನ್ನೂ ಬಿಡದೆ ಎಣಿಸಬೇಕು. ಎಷ್ಟೋ ‘ಹೊಸ ಪ್ರಭೇದ’ಗಳು ದೊಡ್ಡ ಹುಳುವಿನ ಮರಿಗಳೇ ಆಗಿರುತ್ತವೆ. ಡಿಪ್ಲೊಮ್ಯಾಟಿನಾ ಎಂಬ ಕುಲದಲ್ಲಿ ಬೆಳೆದದ್ದಕ್ಕೆ ಬಾಯಿಯ ಅಂಚು ದಪ್ಪವಾಗಿ ಹೊರಮಗುಚುತ್ತದೆ, ಅನುಮಾನವಿಲ್ಲ. ಕಾಲಿಯೆಲ್ಲಾ ಕುಲದಲ್ಲಿ ಅಂಚು ಕೊನೆವರೆಗೂ ತೆಳು, ಅಲ್ಲಿ ಜನನಾಂಗ ಬಲಿತಿದೆಯೇ ಎಂದು ನೋಡದೆ ವಿಧಿಯಿಲ್ಲ. ಒಂದೇ ಚಿಪ್ಪಿನ ಮೇಲೆ ವಿವರಣೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಹತ್ತಾದರೂ ಇದ್ದರೆ ಹಿಗ್ಗು ಕುಗ್ಗು ತಿಳಿಯುತ್ತದೆ.

ನಿಜವಾದ ಕೆಲಸ ಹೋಲಿಕೆಯದು. ಬ್ಲಾನ್‌ಫರ್ಡ್ ಮತ್ತು ಗಾಡ್ವಿನ್-ಆಸ್ಟೆನ್ 1908ರಲ್ಲಿ, ಗೂಡ್ 1914 ಮತ್ತು 1921ರಲ್ಲಿ ಇಲ್ಲಿನ ಬಸವನಹುಳುಗಳ ಬಗ್ಗೆ ತಂದ ಸಂಪುಟಗಳನ್ನು ಪುಟಪುಟ ನೋಡಲೇಬೇಕು. ಅಲ್ಲಿ ಎಷ್ಟೋ ವಿವರಣೆ ನಾಲ್ಕು ಸಾಲಿನದು, ಸ್ಥಳ ಒಮ್ಮೊಮ್ಮೆ ಬೆಟ್ಟಸಾಲಿನ ಹೆಸರು ಮಾತ್ರ. ಚಿತ್ರವನ್ನು ನಂಬಿ ತೀರ್ಮಾನಿಸದೆ, ಲಂಡನ್ ಅಥವಾ ಕೋಲ್ಕತ್ತಾದ ಸಂಗ್ರಹಾಲಯದಲ್ಲಿರುವ ಮೂಲ ಮಾದರಿಯ (ಆ ಹೆಸರಿಡುವಾಗ ಬಳಸಿದ ಚಿಪ್ಪು) ಫೋಟೊ ತರಿಸಿಕೊಳ್ಳಬೇಕು. ಇದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಹೋಗುವ ಚಿಪ್ಪಿಗೆ ಚಿನ್ನದ ಲೇಪ ಹಚ್ಚುತ್ತಾರೆ, ಆದ್ದರಿಂದ ಹೋಲೋಟೈಪ್ (ಹೊಸ ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಕೊಡದೆ ಪ್ಯಾರಾಟೈಪ್ (ಅದರ ಜೊತೆ ಹೆಸರಿಸಿದ ಉಳಿದ ಮಾದರಿ) ಕೊಡುತ್ತೇನೆ. ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆಯುವುದು ಕೆಲವೇ ಸೆಕೆಂಡು, ಹೆಚ್ಚಾದರೆ ಬಿರುಕು.

ಲ್ಯಾಟಿನ್ ಹೆಸರಿಗೆ ವ್ಯಾಕರಣವಿದೆ: ಊರಿನ ಹೆಸರಿಡುವಾಗ ಕುಲದ ಲಿಂಗ ನೋಡಿ ಸ್ತ್ರೀಲಿಂಗದ ಕಾಲಿಯೆಲ್ಲಾ ಜೊತೆ ‘-ಎನ್ಸಿಸ್’, ನಪುಂಸಕಲಿಂಗದ ಪ್ಯೂಪಿಸೋಮಾ ಕುಲದ ಜೊತೆ ‘-ಎನ್ಸೆ’. 1999ರ ನಂತರದ ಹೆಸರಿಗೆ ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಸಂಹಿತೆಯ ಪ್ರಕಾರ ಹೋಲೋಟೈಪ್ ಯಾವುದು, ಯಾವ ಸಂಗ್ರಹಾಲಯದಲ್ಲಿದೆ ಎಂದು ಪ್ರಬಂಧದಲ್ಲೇ ಬರೆದಿರಬೇಕು. ಅಂತರ್ಜಾಲದಲ್ಲಷ್ಟೇ ಪ್ರಕಟವಾಗುವುದಾದರೆ ಝೂಬ್ಯಾಂಕ್ (ಪ್ರಾಣಿ ಹೆಸರುಗಳ ಅಂತರ್ಜಾಲ ದಾಖಲೆಪಟ್ಟಿ) ನೋಂದಣಿ ಮೊದಲೇ ಆಗಿ, ಅದು ಪ್ರಬಂಧದಲ್ಲೂ ಕಾಣಬೇಕು. ಇಲ್ಲದಿದ್ದರೆ ಹೆಸರು ಸಿಂಧುವಲ್ಲ. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯಂತೆ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸುವುದೂ ಕಡ್ಡಾಯ.

ಅಲ್ಲಿಯವರೆಗೆ ಚಿಪ್ಪನ್ನು ಮರದ ಪೆಟ್ಟಿಗೆ, ರಟ್ಟಿನ ಡಬ್ಬಿಯಲ್ಲಿ ಇಡಬಾರದು. ಅವುಗಳಿಂದ ಏಳುವ ಆಮ್ಲದ ಆವಿಗೆ ಚಿಪ್ಪಿನ ಮೇಲೆ ಬಿಳಿ ಉಪ್ಪು ಹೂವಾಡಿ ಕೆತ್ತನೆ ಅಳಿದುಹೋಗುತ್ತದೆ. ಜೆಲಾಟಿನ್ ಕ್ಯಾಪ್ಸೂಲ್ ಬೇರೆ ಕಡೆ ಸರಿ, ನಮ್ಮ ಮಳೆಗಾಲದ ತೇವಕ್ಕೆ ಮೆತ್ತಗಾಗಿ ಚಿಪ್ಪಿಗೇ ಅಂಟುತ್ತದೆ. ಸಣ್ಣ ಗಾಜಿನ ಕೊಳವೆ, ಒಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ: ಊರು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು.