ಹಾರ್ಟ್ ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮುನ್ನ: ಸಿಆರ್‌ಪಿ, ಇನ್ಸುಲಿನ್ ಲೆಕ್ಕ

ಎದೆ ಒತ್ತಿದಂತಾಗಿ ನೋವು ದವಡೆಗೋ ಎಡಗೈಗೋ ಹರಿಯುತ್ತಿದ್ದರೆ ಈ ಲೇಖನ ಬದಿಗಿಟ್ಟು ಇಸಿಜಿ ಮಾಡಿಸಲು ಓಡಿ. ಇಲ್ಲಿರುವುದು ಹೃದಯಕ್ಕೆ ಮುಂದಿರುವ ಅಪಾಯ ಅಳೆಯುವ ಎರಡು ರಕ್ತಪರೀಕ್ಷೆಗಳ ಮಾತು: ಉರಿಯೂತ ತೋರುವ ಸಿಆರ್‌ಪಿ ಎಂಬ ಪ್ರೋಟೀನ್, ಮತ್ತು ಇನ್ಸುಲಿನ್.

ಚೀಟಿಯಲ್ಲಿ ಬರೀ 'ಸಿಆರ್‌ಪಿ' ಎಂದಿದ್ದರೆ ಲ್ಯಾಬಿನವರು ಜ್ವರ, ಸೋಂಕಿಗೆ ನೋಡುವ ಮಾಮೂಲಿ ಪರೀಕ್ಷೆ ಮಾಡಿಬಿಡುತ್ತಾರೆ. ಬೇಕಿರುವುದು 'ಎಚ್‌ಎಸ್-ಸಿಆರ್‌ಪಿ', ಅಂದರೆ ಅತಿ ಸಣ್ಣ ಪ್ರಮಾಣವನ್ನೂ ಹಿಡಿಯುವ ಸಿಆರ್‌ಪಿ ಪರೀಕ್ಷೆ. ಹೊಟ್ಟೆಯೊಳಗಿನ ಕೊಬ್ಬು ಐಎಲ್-6 ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ, ಅದು ತಾಗಿದ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಅದೇ ಕೊಬ್ಬು ಬೆಳೆದಂತೆ ಲೆಪ್ಟಿನ್ ಎಂಬ ಹಾರ್ಮೋನ್ ಏರುತ್ತದೆ, ರಕ್ತನಾಳ ಕಾಯುವ ಅಡಿಪೊನೆಕ್ಟಿನ್ ಎಂಬ ಹಾರ್ಮೋನ್ ಇಳಿಯುತ್ತದೆ.

ಮೊದಲು ದಿನ ಆರಿಸಿ. ನೆಗಡಿ, ಒಸಡಿನ ಬಾವು, ಚಿಕೂನ್‌ಗುನ್ಯಾದ ಕೀಲುನೋವು ಇದ್ದಾಗ ಬರುವ ಅಂಕಿ ಹೃದಯದ ಲೆಕ್ಕಕ್ಕೆ ಬಾರದು. ವಾಸಿಯಾಗಿ ಎರಡು-ಮೂರು ವಾರ ಕಳೆಯಲಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಕೆಲವು ಯಂತ್ರಗಳಲ್ಲಿ ಅದು ಇನ್ಸುಲಿನ್ ಅಂಕಿ ಕೆಡಿಸುತ್ತದೆ.

ರಾತ್ರಿ ಎಂಟಕ್ಕೆ ಊಟ, ಬೆಳಿಗ್ಗೆ ಏಳಕ್ಕೆ ರಕ್ತ. ನೀರು ಸರಿ, ಚಹಾ ಬೇಡ. ಒಗ್ಗರಣೆ-ಮಿರ್ಚಿ ಬಂಡಿ ವಾಪಸ್ ಬರುವಾಗಲೂ ಅಲ್ಲೇ ಇರುತ್ತದೆ.

ನಮ್ಮ ಕಡೆ ಹೆಚ್ಚು ಕೆಡುವುದು ಇದರ ನಂತರ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಟ್ಯೂಬು ಬೈಕಿನ ಬ್ಯಾಗಿನಲ್ಲಿ ಕುಲುಕುತ್ತಾ ತಿರುಗಿದರೆ ಕೆಂಪುಕಣ ಒಡೆದು ಇನ್ಸುಲಿನ್ ಸುಳ್ಳೇ ಕಡಿಮೆ ಕಾಣುತ್ತದೆ. ಕುಷ್ಟಗಿಯಲ್ಲೋ ಸಿಂಧನೂರಲ್ಲೋ ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸುವುದಾದರೆ, ಅಲ್ಲೇ ಸೀರಮ್ (ರಕ್ತದ ತಿಳಿ ಭಾಗ) ಬೇರ್ಪಡಿಸಿ ಐಸ್ ಬಾಕ್ಸಿನಲ್ಲಿ ಇಡುತ್ತಾರಾ ಎಂದು ಕೇಳಿ. ಶುಗರ್‌ಗೆ ಬೂದು ಮುಚ್ಚಳದ ಟ್ಯೂಬೇ ಆಗಬೇಕು.

ರಿಪೋರ್ಟ್ ಬಂದಾಗ ಮೊದಲು ಯೂನಿಟ್ ನೋಡಿ. ಎಚ್‌ಎಸ್-ಸಿಆರ್‌ಪಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಕಡಿಮೆ ಅಪಾಯ, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು. 10 ದಾಟಿದರೆ ಎಲ್ಲೋ ಸೋಂಕೋ ಉರಿಯೂತವೋ ಇದೆಯೆಂದು ಹುಡುಕಿ, ಆಮೇಲೆ ಮತ್ತೆ ಮಾಡಿಸಿ. ಕೆಲವರು ಡೆಸಿಲೀಟರ್ ಲೆಕ್ಕದಲ್ಲಿ 0.4 ಎಂದು ಬರೆಯುತ್ತಾರೆ. ಅದು ಲೀಟರಿಗೆ 4! ಒಂದೇ ಅಂಕಿ ನಂಬಬೇಡಿ, ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ ಸರಾಸರಿ ತೆಗೆಯಿರಿ. ಹೆಚ್ಚಿದೆ ಎಂದ ಮಾತ್ರಕ್ಕೆ ಬ್ಲಾಕ್ ಇದೆ ಎಂದೇನಲ್ಲ.

ಫಾಸ್ಟಿಂಗ್ ಶುಗರ್ 108, ಇನ್ಸುಲಿನ್ 15 ಇದೆ ಎನ್ನಿ. ಗುಣಿಸಿದರೆ 1620, ಅದನ್ನು 405ರಿಂದ ಭಾಗಿಸಿದರೆ 4. ಇದೇ ಹೋಮಾ-ಐಆರ್, 2.5 ದಾಟಿದರೆ ಮೈ ಇನ್ಸುಲಿನ್ ಮಾತು ಕೇಳುತ್ತಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇನ್ಸುಲಿನ್ ಇಂಜೆಕ್ಷನ್ ಚುಚ್ಚಿಕೊಳ್ಳುವವರಿಗೆ ಈ ಲೆಕ್ಕ ಒಗ್ಗದು.

ಅಡಿಪೊನೆಕ್ಟಿನ್, ಲೆಪ್ಟಿನ್ ಸೇರಿಸಿ ದುಬಾರಿ ಪ್ಯಾಕೇಜ್ ಕೊಟ್ಟರೆ ಬಿಡಿ. ಅವು ಸಂಶೋಧನೆಗೆ ಸರಿ, ಅವನ್ನು ನೋಡಿ ಡಾಕ್ಟರ್ ಮಾತ್ರೆ ಬದಲಿಸುವುದಿಲ್ಲ. ದರ್ಜಿಯ ಟೇಪು ಸಾಕು: ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ.

ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 130ರ ಒಳಗಿದ್ದೂ ಎಚ್‌ಎಸ್-ಸಿಆರ್‌ಪಿ 2 ಮೇಲಿದ್ದವರಿಗೆ ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯಿಂದ ಹೃದಯಾಘಾತ ತಗ್ಗಿದ್ದನ್ನು 2008ರ ಜುಪಿಟರ್ ಅಧ್ಯಯನ ತೋರಿಸಿತು. ಹಾಗಾಗಿ ಎಲ್‌ಡಿಎಲ್, ಎಚ್‌ಎಸ್-ಸಿಆರ್‌ಪಿ ಎರಡೂ ರಿಪೋರ್ಟ್ ಒಟ್ಟಿಗೇ ಒಯ್ದು ಡಾಕ್ಟರ್ ಮುಂದಿಡಿ.