ಐದು ಮಕ್ಕಳನ್ನು ತೋರಿಸಿ ಅಂದರು

ನರೇಗಾ ಕೆಲಸಕ್ಕೆ ಬರುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳಲು ಒಬ್ಬರು ಬೇಕು ಅಂತ ನಾವು ಕೇಳಲು ಶುರು ಮಾಡಿದಾಗ, ಅದು ಆಗಲೇ ಕಾನೂನಿನಲ್ಲಿತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ತಾಯಂದಿರ ಜೊತೆ ಕೆಲಸದ ಜಾಗಕ್ಕೆ ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಹಾಕಬೇಕು, ಆಕೆಗೂ ಕೂಲಿ ಕೊಡಬೇಕು. ಓದಿದ ದಿನ ತುಂಬಾ ಖುಷಿಯಾಯಿತು. ಹೊಸ ಕಾನೂನೇನೂ ಬೇಡ, ಇರುವುದನ್ನು ಜಾರಿ ಮಾಡಿದರೆ ಸಾಕಲ್ವಾ ಅಂದುಕೊಂಡೆ.

ನಾನು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಕೂಲಿಕಾರರ ಸಂಘಟನೆಯ ಜೊತೆ ಕೆಲಸ ಮಾಡುತ್ತೇನೆ. ಮನವಿ ಪತ್ರ ಹಿಡಿದು ಹೋದಾಗ ಅಧಿಕಾರಿ ಸಮಾಧಾನವಾಗಿಯೇ ಕೇಳಿದರು: "ಮೇಡಂ, ಯಾವ ಸೈಟಲ್ಲಿ ಐದು ಮಕ್ಕಳಿದ್ದಾರೆ, ತೋರಿಸಿ." ಹೂಳೆತ್ತುತ್ತಿದ್ದ ಮೂರು ಕೆರೆ ಸುತ್ತಿದೆವು. ಒಂದರಲ್ಲಿ ಎರಡು ಮಕ್ಕಳು. ಇನ್ನೊಂದರಲ್ಲಿ ಒಂದೇ ಕೂಸು. ಮೂರನೆಯದರಲ್ಲಿ ಯಾರೂ ಇಲ್ಲ.

ಆ ಒಂದು ಕೂಸಿನ ಜೋಳಿಗೆಯನ್ನು ಜಾಲಿ ಗಿಡಕ್ಕೆ ಕಟ್ಟಿದ್ದರು, ಹಳೇ ಸೀರೆಯದು. ನೆರಳು ಸರಿದಂತೆಲ್ಲ ತಾಯಿ ಮಣ್ಣಿನ ಬುಟ್ಟಿ ಇಳಿಸಿ ಓಡಿ ಬಂದು, ಮುಳ್ಳು ತಪ್ಪಿಸಿ ಜೋಳಿಗೆಯನ್ನು ಬೇರೆ ಕೊಂಬೆಗೆ ಕಟ್ಟುತ್ತಿದ್ದಳು. ನಾನಿದ್ದ ಎರಡು ತಾಸಿನಲ್ಲಿ ಮೂರು ಸಲ ಕಟ್ಟಿದಳು. ಉಳಿದವರು ಮಕ್ಕಳನ್ನು ಯಾಕೆ ಕರೆತಂದಿಲ್ಲ ಅಂತ ಪಕ್ಕದಲ್ಲಿದ್ದವರನ್ನು ಕೇಳಿದೆ.

"ಈ ಬಿಸಿಲಾಗ ಎಲ್ಲಿ ಮಲಗಿಸೂದ್ರಿ ಅಕ್ಕಾರ? ದೊಡ್ಡಾಕಿ ಮನ್ಯಾಗ ನೋಡ್ಕೋತಾಳ."

ದೊಡ್ಡಾಕಿ ಅಂದರೆ ನಾಲ್ಕನೇ ಕ್ಲಾಸಿನ ಹುಡುಗಿ.

ನೋಡಿಕೊಳ್ಳುವವರಿಲ್ಲ ಅಂತ ಮಕ್ಕಳು ಬರುವುದಿಲ್ಲ. ಮಕ್ಕಳು ಬರುವುದಿಲ್ಲ ಅಂತ ನೋಡಿಕೊಳ್ಳುವವರನ್ನು ಹಾಕುವುದಿಲ್ಲ. ನಾವು ಕೆರೆಯಲ್ಲಿ ಎಣಿಸಿದ್ದೇ ತಪ್ಪಾಗಿತ್ತು. ಹಾಗಾಗಿ ಮನೆಗಳಲ್ಲಿ ಎಣಿಸಿದೆವು. ಕೂಲಿಯ ಹಾಜರಿ ಪಟ್ಟಿ, ಅದೇ ಎನ್‌ಎಂಆರ್, ಅದರಲ್ಲಿ ಹೆಸರಿದ್ದ ಪ್ರತಿ ಹೆಂಗಸಿನ ಮನೆಗೂ ಹೋಗಿ ಎರಡೇ ಪ್ರಶ್ನೆ ಕೇಳಿದೆವು. ಮೂರು ವರ್ಷದೊಳಗಿನ ಮಗು ಇದೆಯಾ? ಹಗಲು ಅದು ಯಾರ ಹತ್ತಿರ ಇರುತ್ತದೆ? ಮೂರು ದಾಟಿದರೆ ಅಂಗನವಾಡಿಯಲ್ಲಿ ಕೂರಿಸಿಕೊಳ್ಳುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಆಹಾರದ ಪೊಟ್ಟಣ ಕೊಡುತ್ತಾರೆ, ಅಷ್ಟೇ. 50 ಜನ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಮಣ್ಣು ಹೊರುವ ತಾಯಿಗೆ ಅದು ಎಲ್ಲಿ ಸಿಗಬೇಕು?

ಆಮೇಲೆ ಶಾಲೆಗೆ ಹೋದೆವು. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಫೆಬ್ರವರಿ, ಮಾರ್ಚ್ ತಿಂಗಳ ಹಾಜರಿ ನೋಡಿದೆವು. ತಾಯಿ ಕೆರೆಯಲ್ಲಿ ಹಾಜರಿದ್ದ ದಿನ ಮಗಳು ಶಾಲೆಗೆ ಗೈರು. ಒಂದಲ್ಲ ಎರಡಲ್ಲ, ಸಾಲು ಸಾಲಾಗಿ. ಹುಡುಗಿಯರ ಹೆಸರು ತೆಗೆದು, ತಾರೀಖು ಮಾತ್ರ ಉಳಿಸಿ ಎರಡು ಹಾಳೆ ತಯಾರು ಮಾಡಿದೆವು. ಮುಂದೆ ಯಾವ ಕಚೇರಿಗೆ ಹೋದರೂ ಮೊದಲು ಮೇಜಿನ ಮೇಲೆ ಇಟ್ಟಿದ್ದು ಆ ಹಾಳೆಗಳನ್ನೇ.

ನಮ್ಮ ಮೊದಲ ಮನವಿಯಲ್ಲಿ 14 ಬೇಡಿಕೆಗಳಿದ್ದವು. ಮಕ್ಕಳ ವಿಷಯ ನಮಗೆ ಬರುವುದಿಲ್ಲ ಅಂತ ಒಂದು ಇಲಾಖೆ, ನರೇಗಾ ನಮ್ಮದಲ್ಲ ಅಂತ ಇನ್ನೊಂದು. ಕಡತ ಅತ್ತಿಂದಿತ್ತ ಓಡಾಡಿತು. ಎರಡನೇ ಸಲ ಒಂದೇ ಪುಟ, ಒಂದೇ ಬೇಡಿಕೆ: ಕೆರೆಯ ಹತ್ತಿರ ಬೇಡ, ಊರೊಳಗೆ ಒಂದು ಕೋಣೆ ಕೊಡಿ. ಎಷ್ಟು ಮಕ್ಕಳು, ಯಾವ ಕೋಣೆ ಖಾಲಿ ಇದೆ, ನೋಡಿಕೊಳ್ಳುವವರ ಕೂಲಿ ಎಲ್ಲಿಂದ ಬರಬೇಕು, ಎಲ್ಲವನ್ನೂ ಬರೆದೆವು. ಅದಕ್ಕೂ ಮೊದಲು ಗ್ರಾಮ ಸಭೆಯಲ್ಲಿ ಹೆಂಗಸರೇ ಎದ್ದು ನಿಂತು ನಿರ್ಣಯ ಬರೆಸಿದ್ದರು. ಆ ನಡಾವಳಿಯ ಪ್ರತಿ ಲಗತ್ತಿಸಿದೆವು. ಪಿಡಿಒ ಸಹಿ ಇರುವ ಕಾಗದಕ್ಕೆ ಬೆಲೆನೇ ಬೇರೆ.

ಎರಡು ವಿಷಯ ತಡವಾಗಿ ತಿಳಿಯಿತು. ಬಜೆಟ್ ಹತ್ತಿರ ಬಂದಾಗ ಬೆಂಗಳೂರಿಗೆ ಓಡಿದರೆ ಉಪಯೋಗವಿಲ್ಲ, ಅಷ್ಟರಲ್ಲಿ ಇಲಾಖೆಗಳ ಪ್ರಸ್ತಾವ ಹೋಗಿರುತ್ತದೆ. ನಾವು ನವೆಂಬರ್‌ನಲ್ಲೇ ಹೋಗತೊಡಗಿದೆವು. ಇನ್ನೊಂದು, ಶಾಸಕರ ಹತ್ತಿರ ಸುಮ್ನೆ ಬೆಂಬಲ ಕೇಳುವುದಕ್ಕಿಂತ ಸದನದಲ್ಲಿ ಕೇಳಲು ಚುಕ್ಕೆ ಗುರುತಿಲ್ಲದ ಪ್ರಶ್ನೆಯೊಂದನ್ನು ಬರೆದು ಕೊಡುವುದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಅದಕ್ಕೆ ಸರ್ಕಾರ ಲಿಖಿತ ಉತ್ತರ ಕೊಡಬೇಕು. ಎಷ್ಟು ಕಡೆ ಮಕ್ಕಳನ್ನು ನೋಡಿಕೊಳ್ಳುವವರನ್ನು ಹಾಕಿದ್ದೀರಿ ಅಂತ ಕೇಳಿದರೆ ಯಾರಾದರೂ ಕೂತು ಲೆಕ್ಕ ತೆಗೆಯಲೇಬೇಕು.

2023ರಲ್ಲಿ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಅನ್ನೋ ಶಿಶುಪಾಲನಾ ಕೇಂದ್ರಗಳ ಯೋಜನೆ ಬಂತು, ಮೂರು ವರ್ಷದೊಳಗಿನ ಮಕ್ಕಳಿಗಾಗಿ. ನಮ್ಮಿಂದಲೇ ಬಂತು ಅಂದರೆ ಸುಳ್ಳಾಗುತ್ತದೆ. ಎಷ್ಟೋ ಕಡೆ ಎಷ್ಟೋ ಜನ ಇದನ್ನೇ ಕೇಳುತ್ತಾ ಬಂದಿದ್ದರು. ಆದರೆ ನಮ್ಮ ಪಂಚಾಯಿತಿಯಲ್ಲಿ ಜಾಗ ಹುಡುಕುವಾಗ ಕೋಣೆಯೂ ಮಕ್ಕಳ ಲೆಕ್ಕವೂ ಆಗಲೇ ಕಾಗದದಲ್ಲಿ ಸಿದ್ಧವಿದ್ದವು. ಹಳೇ ಶಾಲೆಯ ಕೋಣೆಯ ತೊಲೆಗೆ ಈಗ ನಾಲ್ಕು ಜೋಳಿಗೆ ಕಟ್ಟಿದ್ದಾರೆ.

ಕಳೆ ತೆಗೆಯಲು ಹೊಲಕ್ಕೆ ಹೋಗುವ ಹೆಂಗಸರಿಗೆ ಮಾತ್ರ ಇದು ಇನ್ನೂ ಒದಗಿಲ್ಲ. ಅವರ ಟಂಟಂ ಬೆಳಗ್ಗೆ ಆರಕ್ಕೇ ಹೊರಡುತ್ತದೆ, ನಮ್ಮೂರಿನ ಕೋಣೆಯ ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ಈ ತಿಂಗಳಿಂದ ಐದೂವರೆಗೇ ಬಸ್ ಸ್ಟಾಂಡಿನಲ್ಲಿ ನಿಂತು ಅದೇ ಎರಡು ಪ್ರಶ್ನೆ ಕೇಳುತ್ತಿದ್ದೇವೆ.