ಸೀಟಿನ ಹಿಂದಿನ ಚೀಲ: ಮೂರನೆಯದಕ್ಕೆ ಸರಿಯಾಯಿತು

ಈ ಮಳೆಗಾಲವೂ ದಾಟಿತು. ನನ್ನ ಎರ್ಟಿಗಾ ಕಾರಿನ ಸೀಟಿನ ಹಿಂದೆ ಕಟ್ಟಿದ ಚೀಲಕ್ಕೆ ಒಂದು ಚುಕ್ಕೆ ಬೂಷ್ಟು ಬಂದಿಲ್ಲ. "ಬಾಡಿಗೆ ಗಾಡಿಗೆ ಇದೆಲ್ಲ ಎಂತಕ್ಕೆ ಮಾರಾಯ, ತಿಂಗಳಲ್ಲಿ ಹರಿದು ಹಾಕ್ತಾರೆ" ಅಂತ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹೇಳಿದವರೇ ಈಗ ನಾಲ್ಕು ಮಂದಿ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ನನ್ನದು ಹೆಚ್ಚಾಗಿ ಮಂಗಳೂರು ಏರ್‌ಪೋರ್ಟಿನಿಂದ ಉಡುಪಿ, ಕೊಲ್ಲೂರು, ಇಲ್ಲವೇ ಧರ್ಮಸ್ಥಳ ಮುಗಿಸಿ ಚಾರ್ಮಾಡಿ ಘಾಟಿ ಹತ್ತುವ ಬಾಡಿಗೆ. ಹಿಂದೆ ಕೂತವರಿಗೆ ಬೇಕಾದದ್ದು ನೀರಿನ ಬಾಟಲಿಗೆ, ಒದ್ದೆ ಕೊಡೆಗೆ, ವಾಂತಿ ಮಾಡುವ ಪ್ಲಾಸ್ಟಿಕ್ ತೊಟ್ಟೆಗೆ ಜಾಗ. ಮಡಚುವ ಟ್ರೇ, ಟ್ಯಾಬ್ ಇಡುವ ಕಿಟಕಿ ಎಲ್ಲ ಅಂಗಡಿಯಲ್ಲಿ ನೋಡಲಿಕ್ಕೆ ಚೆಂದ.

ಮೊದಲು ತಂದದ್ದು ಚರ್ಮದ ಹಾಗೆ ಕಾಣುವ ರೆಗ್ಜಿನಿನದ್ದು, ಸುಮಾರು 900 ರೂಪಾಯಿ. ಜೂನ್‌ನಲ್ಲಿ ಹಾಕಿದೆ, ಆಗಸ್ಟ್‌ನಲ್ಲಿ ಹೊಲಿಗೆಯ ಉದ್ದಕ್ಕೂ ಬಿಳಿ ಬೂಷ್ಟು. ಮರುವರ್ಷ ಮೇಲಿನ ಪದರ ಸಿಪ್ಪೆ ಎದ್ದು, ಮದುವೆಗೆ ಹೊರಟಿದ್ದ ಒಬ್ಬರು ಅಮ್ಮನ ಸೀರೆಗೆ ಕಪ್ಪು ಚೂರುಗಳು ಅಂಟಿದವು. ಅವತ್ತು ಬಾಡಿಗೆಯಲ್ಲಿ 200 ಬಿಟ್ಟೆ. ಎರಡನೆಯದು 350ರ ತೆಳು ಬಟ್ಟೆಯದ್ದು. ಪಣಂಬೂರು, ಮಲ್ಪೆ ಬೀಚಿನ ಹೊಯಿಗೆ (ಮರಳು) ವೆಲ್ಕ್ರೋದಲ್ಲಿ ತುಂಬಿ ಹಿಡಿತವೇ ಹೋಯಿತು. ಎರಡು ಲೀಟರ್ ನೀರು ಇಟ್ಟರೆ ಘಾಟಿಯ ತಿರುವಿನಲ್ಲಿ ಇಡೀ ಚೀಲ ಕಾಲಿನ ಮೇಲೆ.

ಆಮೇಲೆ ಕುಶನ್ ಅಂಗಡಿಯಲ್ಲಿ ಕೂತು ನಾನೇ ಹೊಲಿಸಿದೆ. ಶಾಲೆಯ ಬ್ಯಾಗಿಗೆ ಹಾಕುವ 600 ಡೆನಿಯರ್ ಪಾಲಿಯೆಸ್ಟರ್, ನೈಲಾನ್ ದಾರ. ಹತ್ತಿ ದಾರ ಬೇಡವೇ ಬೇಡ, ನನಗೆ ಬೂಷ್ಟು ಕಂಡದ್ದೆಲ್ಲ ಅಲ್ಲಿಂದಲೇ. ಜೇಬು ಮೂರೇ. ಕೊಡೆಯದ್ದಕ್ಕೆ ಬಲೆ, ನೀರು ನೇರ ರಬ್ಬರ್ ಮ್ಯಾಟಿಗೆ ಇಳಿಯುತ್ತದೆ. ಮೇಲೆ ಹೆಡ್‌ರೆಸ್ಟಿನ ಕಂಬಿಗೆ ಬಕಲ್. ಕೆಳಗಿನ ಪಟ್ಟಿಯನ್ನು ಸೀಟಿನ ಬದಿಗೆ ಸುತ್ತಬೇಡಿ. ಸೀಟಿನೊಳಗೇ ಸೈಡ್ ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದು ಬಿಚ್ಚಿಕೊಳ್ಳಲು ಅಡ್ಡ ಬರುತ್ತದೆ. ಮಕ್ಕಳು ಒದ್ದರೂ ಜರುಗದ ಹಾಗೆ ಕೆಳಗೆ ನಾನು ಹೇಗೆ ಕಟ್ಟಿದ್ದೇನೆ ಎಂಬುದನ್ನು ಬರೆಯುವುದಿಲ್ಲ, ಗಾಡಿ ತಂದರೆ ತೋರಿಸುತ್ತೇನೆ.

ಚೀಲ ನೆಟ್ಟಗೆ ನಿಲ್ಲಲಿ ಅಂತ ಮೊದಲ ವರ್ಷ ಒಳಗೆ ಅಡಿಕೆ ಹಾಳೆ ಇಟ್ಟು ನೋಡಿದ್ದೆ, ನಮ್ಮ ತೋಟದ್ದೇ. ಮೇ ತನಕ ಬಹಳ ಲಾಯ್ಕಿತ್ತು. ಜುಲೈಯಲ್ಲಿ ಹೊರಗೆ ಎಳೆದರೆ ಹಾಳೆ ಪೂರಾ ಹಸಿರು, ಕಾರಿಡೀ ಹಟ್ಟಿಯ ವಾಸನೆ. ಈಗ ಫ್ಲೆಕ್ಸ್ ಅಂಗಡಿಯಲ್ಲಿ ಉಳಿದ 3 ಮಿ.ಮೀ. ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆಯ ತುಂಡು ಹಾಕಿದ್ದೇನೆ, ಕೆಳಗಿನ ಅರ್ಧಕ್ಕೆ ಮಾತ್ರ. ಬ್ರೇಕ್ ಹಾಕಿದಾಗ ಮಕ್ಕಳ ತಲೆ ಬಡಿಯುವ ಎತ್ತರದಲ್ಲಿ ಗಟ್ಟಿ ವಸ್ತು ಇರಬಾರದು.

ಬಟ್ಟೆ, ಬಕಲ್, ಮಜೂರಿ ಎಲ್ಲ ಸೇರಿ ಎರಡು ಸೀಟಿಗೆ 1,400ರ ಆಚೀಚೆ ಬಿತ್ತು. ಮೊನ್ನೆ ಚಾರ್ಮಾಡಿಯ ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ, ಹಿಂದೆ ಕೂತಿದ್ದ ಸಣ್ಣ ಹುಡುಗಿ ಯಾರನ್ನೂ ಕೇಳದೆ ಮೇಲಿನ ಜೇಬಿನಿಂದ ತಾನೇ ತೊಟ್ಟೆ ಎಳೆದು ಬಾಯಿಗೆ ಹಿಡಿದಳು. ಸೀಟು ತೊಳೆಸುವ 600 ರೂಪಾಯಿ ಉಳಿಯಿತು.